ನಾನು ಸೀಲ್ ಹಾಕಿದ ಏಳು ಸರ

(ಕೊಪ್ಪಳದಲ್ಲಿ ಶಿಕ್ಷಕರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)

ಬ್ಯಾಂಕಿನಲ್ಲಿ ನಾನು 31 ವರ್ಷ ದುಡಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಕೂತದ್ದು ಚಿನ್ನದ ಸಾಲದ ಮೇಜಿನ ಹಿಂದೆ. ಪತ್ತಾರರು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ತೂಕ ಮಾಡಿ ಚೀಟಿ ಕೊಡುತ್ತಾರೆ. ನಾನು ಅದನ್ನು ಚೀಲಕ್ಕೆ ಹಾಕಿ, ಗಿರಾಕಿಯ ಎದುರಿಗೇ ಸೀಲ್ ಮಾಡಿ, ಸಹಿ ತಗೊಂಡು ಒಳಗೆ ಇಡಬೇಕು. ವರ್ಷಗಟ್ಟಲೆ ಇದೇ ಕೆಲಸ ಮಾಡಿದರೆ ಏನಾಗುತ್ತದೆ ಗೊತ್ತಾ? ಜನರ ಮುಖ ಮರೆತುಹೋಗುತ್ತದೆ, ಸರ ಮರೆಯುವುದಿಲ್ಲ. ಯಾವ ಬೋರಮಾಳದ ಕೊಂಡಿ ಸವೆದಿದೆ, ಯಾವ ಅವಲಕ್ಕಿ ಸರಕ್ಕೆ ಕೆಂಪು ದಾರ ಸುತ್ತಿದ್ದಾರೆ, ಎಲ್ಲ ನೆನಪಿರುತ್ತದೆ.

ಒಂದು ಸಲ ಕುಷ್ಟಗಿ ಕಡೆ ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದೆವು. ಎದುರಿನ ಸಾಲಿನಲ್ಲಿ ಹೆಣ್ಣುಮಕ್ಕಳು. ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ತಲೆ ಎತ್ತಿದರೆ, ಪರಿಚಯದ ಸರ ಒಂದು ಕಂಡಿತು. ಅದರ ಪಕ್ಕಕ್ಕೇ ಇನ್ನೊಂದು. ಸುಮ್ನೆ ಎಣಿಸುತ್ತಾ ಹೋದೆ. ಏಳು! ಏಳೂ ನಾನೇ ಸೀಲ್ ಹಾಕಿ ಇಟ್ಟಿದ್ದವು. ಆ ವಾರ ಬಿಡಿಸಿಕೊಂಡು ಹೋಗಿದ್ದರು. ಮುಂದಿನ ವಾರ ಏಳರಲ್ಲಿ ಐದು ವಾಪಸ್ ನನ್ನ ಮೇಜಿಗೆ ಬಂದವು.

ಆ ಪಂಕ್ತಿಯಲ್ಲಿ ಒಬ್ಬರ ಕೊರಳನ್ನು ಒಬ್ಬರು ನೋಡುತ್ತಿದ್ದರು. "ಅಕಿದು ಎಷ್ಟ್ ತೊಲಿ ಇದ್ದೀತು?" ಅಂತ ಒಬ್ಬರು ಪಕ್ಕದವರ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು. ಕೇಳಿದವರ ಸರವೂ ಅಡವಿನಿಂದ ಬಂದದ್ದು, ಯಾರ ಬಗ್ಗೆ ಕೇಳಿದರೋ ಅವರದೂ ಅಡವಿನಿಂದ ಬಂದದ್ದು. ಎರಡೂ ಗೊತ್ತಿದ್ದವ ಆ ಮಂಟಪದಲ್ಲಿ ನಾನೊಬ್ಬ. ನಾನೋ ಬಾಯಿ ಬಿಡುವ ಹಾಗಿಲ್ಲ. ಹುಗ್ಗಿ ತಿಂದೆ.

ನಾನು ಹೇಳಲು ಬಂದದ್ದು ಅವತ್ತು ಹೊಳೆದ ಒಂದೇ ಮಾತು. ನಮ್ಮ ಜನ ಖರ್ಚನ್ನು ತೋರಿಸುತ್ತಾರೆ, ಸಾಲವನ್ನು ಮುಚ್ಚಿಡುತ್ತಾರೆ. ಹಾಗಾಗಿ ನಾವು ನಮ್ಮ ಪೂರ್ತಿ ಲೆಕ್ಕವನ್ನು ಪಕ್ಕದವರ ಅರ್ಧ ಲೆಕ್ಕದ ಜೊತೆ ಹೋಲಿಸಿಕೊಂಡು ಕೊರಗುತ್ತೇವೆ. ಕೊರಗು ತಾಳಲಾರದೆ ಅಂಗಡಿಗೆ ಹೋಗುತ್ತೇವೆ.

ಆ ಐದರಲ್ಲಿ ಒಬ್ಬರ ಕಥೆ ಹೇಳಬೇಕು. ಹೆಸರು ಬೇಡ, ಊರೂ ಬೇಡ. 60,000 ರೂಪಾಯಿ ಸಾಲಕ್ಕೆ ಸರ ಇಟ್ಟಿದ್ದರು. ಇನ್ನೊಂದು ಸಲ ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ಬಂತು. ಸರ ಬಿಡಿಸಲು ದುಡ್ಡು ಬೇಕಲ್ಲ? ಊರಲ್ಲಿ ಒಬ್ಬರ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 60,000 ಕೈಗಡ ತಂದರು. ಸೋಮವಾರ ಬಿಡಿಸಿದರು, ಬುಧವಾರ ಹಾಕಿಕೊಂಡರು, ಶುಕ್ರವಾರ ಮತ್ತೆ ತಂದು ಇಟ್ಟರು. ನಾಲ್ಕು ದಿನಕ್ಕಾದರೂ ಬಡ್ಡಿಯವನು ಒಂದು ತಿಂಗಳದ್ದೇ ಹಿಡಿಯುತ್ತಾನೆ. 1,800 ರೂಪಾಯಿ. ಮೇಲೆ ಪತ್ತಾರರ ಕೂಲಿ, ಬ್ಯಾಂಕಿನ ಶುಲ್ಕ, ಬಸ್ಸಿನ ಖರ್ಚು. ತನ್ನದೇ ಸರವನ್ನು ಒಂದು ಮಧ್ಯಾಹ್ನ ಹಾಕಿಕೊಳ್ಳಲು ಎರಡು ಸಾವಿರದ ಮೇಲೆ ಬಾಡಿಗೆ ಕೊಟ್ಟ ಹಾಗಾಯಿತು. ಆಗ ಅವರ ದಿನದ ಕೂಲಿ 250.

ನಾನು ದೊಡ್ಡ ತಿಳಿದವನ ಹಾಗೆ ಲೆಕ್ಕ ಹೇಳಿದೆ. "ಯವ್ವಾ, ನೂರಕ್ಕೆ ಮೂರು ಅಂದ್ರ ವರ್ಷಕ್ಕ 36 ಆತು. ಒಂದಿನ ಸರ ಇಲ್ದ ಹೋದ್ರ ಏನಾಗ್ತಿತ್ತು?" ಅಂದೆ.

ಅವರು ಚೀಟಿ ಮಡಚುತ್ತಾ ಅಂದರು: "ಸಾಹೇಬ್ರ, ಬರೀ ಕೊರಳಾಗ ಹೋದ್ರ ನಾಳೆ ನನ್ ಮಗಳ್ನ ಯಾರ್ ಕೇಳ್ತಾರ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅದಕ್ಕೇ, ಹೋಲಿಕೆ ಬಿಡಿ, ನೆಮ್ಮದಿಯಿಂದ ಇರಿ ಅಂತ ಯಾರಾದರೂ ವೇದಿಕೆ ಮೇಲಿಂದ ಹೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆಕೆಗೆ ಆ ಸರ ಜಂಬದ ವಸ್ತು ಆಗಿರಲಿಲ್ಲ, ಮಗಳ ಮದುವೆಯ ಅರ್ಜಿ ಆಗಿತ್ತು. ಆ ಅರ್ಜಿಗೆ ಶುಲ್ಕ ಇಷ್ಟು ಅಂತ ನಿಗದಿ ಮಾಡಿದವರು ಯಾರು? ಆ ಪ್ರಶ್ನೆಗೆ ಕೊನೆಗೆ ಬರುತ್ತೇನೆ.

ಪಕ್ಕದವರನ್ನು ನೋಡಿ ನಮ್ಮನ್ನು ಅಳೆದುಕೊಳ್ಳುವುದು ಮನುಷ್ಯನ ಸ್ವಭಾವ ಅಂತ 1954ರಲ್ಲೇ ಲಿಯಾನ್ ಫೆಸ್ಟಿಂಜರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬರೆದಿದ್ದಾರೆ. ಅಳೆಯಲು ಬೇರೆ ಕೋಲು ಸಿಗದಿದ್ದಾಗ ಜನ ಜನರನ್ನೇ ಕೋಲು ಮಾಡಿಕೊಳ್ಳುತ್ತಾರೆ, ಅದೂ ತಮ್ಮಂಥವರನ್ನೇ. ನಿಜ ಅಲ್ವಾ? ಮುಂಬೈನಲ್ಲಿ ಯಾರೋ ಇಪ್ಪತ್ತೇಳು ಅಂತಸ್ತಿನ ಮನೆ ಕಟ್ಟಿದರೆ ನಮ್ಮ ನಿದ್ದೆ ಕೆಡುವುದಿಲ್ಲ. ಎದುರು ಮನೆಯವರು ಮೊದಲನೇ ಮಹಡಿ ಎಬ್ಬಿಸಿದರೆ ಕೆಡುತ್ತದೆ.

ಕೆನಡಾದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಅಧ್ಯಯನ. ಒಂದು ಓಣಿಯಲ್ಲಿ ಒಬ್ಬರಿಗೆ ಲಾಟರಿ ಹೊಡೆಯುತ್ತದೆ ಅಂತ ಇಟ್ಟುಕೊಳ್ಳಿ. ಮುಂದಿನ ವರ್ಷಗಳಲ್ಲಿ ಆ ಓಣಿಯ ಉಳಿದವರಿಗೆ ಏನಾಯಿತು ಅಂತ ನೋಡಿದರು. ಲಾಟರಿಯ ಮೊತ್ತ ದೊಡ್ಡದಾದಷ್ಟೂ ಅಕ್ಕಪಕ್ಕದಲ್ಲಿ ದಿವಾಳಿ ಆಗುವವರು ಜಾಸ್ತಿ! ಗೆದ್ದವರಲ್ಲ ಮತ್ತೆ, ಗೆದ್ದವರ ನೆರೆಯವರು. ದಿವಾಳಿ ಅರ್ಜಿ ಹಾಕುವಾಗ ಆಸ್ತಿ ಪಟ್ಟಿ ಕೊಡಬೇಕಲ್ಲ, ಅದನ್ನೂ ತೆಗೆದು ನೋಡಿದರು. ಕಣ್ಣಿಗೆ ಕಾಣುವ ಆಸ್ತಿ, ಅಂದರೆ ಮನೆ, ಕಾರು ಇಂಥವು, ಲಾಟರಿ ದೊಡ್ಡದಾದಷ್ಟೂ ಹೆಚ್ಚು ಬೆಲೆಯವು. ಕಾಣದ ಆಸ್ತಿ, ಅಂದರೆ ಕೈಯಲ್ಲಿನ ನಗದು, ಪಿಂಚಣಿ ಹಣ, ಅದು ಮಾತ್ರ ಹಾಗೆ ಹೆಚ್ಚಿರಲಿಲ್ಲ. ಓದಿದಾಗ ನನಗೆ ಕುಷ್ಟಗಿಯ ಪಂಕ್ತಿಯೇ ಕಣ್ಣ ಮುಂದೆ ಬಂತು.

ನಮ್ಮ ಕಡೆ ಲಾಟರಿ ಹೊಡೆದದ್ದು ಅದಿರಿನ ರೂಪದಲ್ಲಿ. ಇಲ್ಲಿ ನಲವತ್ತು ದಾಟಿದವರಿಗೆ ನೆನಪಿರುತ್ತದೆ. ಚೀನಾದವರು 2008ರ ಒಲಿಂಪಿಕ್ಸ್‌ಗೆ ಮೊದಲು ಉಕ್ಕಿಗಾಗಿ ಹಾತೊರೆಯುತ್ತಿದ್ದ ಕಾಲ. ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಕೆಂಪು ಧೂಳು, ಸಾಲು ಸಾಲು ಲಾರಿ. ಒಬ್ಬ ಟಿಪ್ಪರ್ ತಗೊಂಡ, ಅವನನ್ನು ನೋಡಿ ಭಾವಮೈದುನ ತಗೊಂಡ, ಅವನನ್ನು ನೋಡಿ ಹೊಲ ಅಡವಿಟ್ಟು ಮೂರನೆಯವ ತಗೊಂಡ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ನಿಂತಿತು, ಕಂತು ನಿಲ್ಲಲಿಲ್ಲ. ಮೊದಲನೆಯವ ಅಷ್ಟರಲ್ಲಿ ಸಾಲ ತೀರಿಸಿದ್ದ. ಮೂರನೆಯವನ ಗಾಡಿ ಪೆಟ್ರೋಲ್ ಬಂಕಿನ ಹಿಂದೆ ಟೈರ್ ಇಳಿದು ನಿಂತಿತ್ತು. ಅವನು ನನ್ನ ಹತ್ತಿರ ಬಂದು ಹೇಳಿದ್ದಿಷ್ಟು: "ಅಂವಾ ಎಷ್ಟ್ ಸಾಲ ಮಾಡ್ಯಾನ ಅಂತ ನಾ ಕೇಳಲೇ ಇಲ್ಲ ಸರ್."

ಇದನ್ನೇ ಸ್ವಲ್ಪ ಹಿಡಿದು ನೋಡೋಣ. ಕೇಳಲಿಲ್ಲ ಅಂದ. ಇದೇ ಮನುಷ್ಯ ಪಕ್ಕದ ಹೊಲದಲ್ಲಿ ದಾಳಿಂಬೆ ಚೆನ್ನಾಗಿ ಬಂದಿದ್ದರೆ ಏನು ಮಾಡುತ್ತಾನೆ? ಬೆಳಗ್ಗೆ ಎದ್ದು ಬದುವಿನ ಮೇಲೆ ನಿಂತು ಎಲ್ಲ ಕೇಳುತ್ತಾನೆ. ಸಸಿ ಎಲ್ಲಿಂದ ತಂದಿ? ಡ್ರಿಪ್ ಪೈಪಿಗೆ ಎಷ್ಟಾಯಿತು? ಸಬ್ಸಿಡಿ ಎಷ್ಟು ಬಂತು? ದುಂಡಾಣು ರೋಗ ಬಿತ್ತಾ? ಹೋದ ವರ್ಷ ಎಷ್ಟು ಲಾಸ್ ಆಯಿತು? ಹೊಲದಲ್ಲಿ ಹೋಲಿಕೆ ಮಾಡುವಾಗ ನಮ್ಮ ರೈತ ಯಾವ ಲೆಕ್ಕ ಪರಿಶೋಧಕನಿಗೂ ಕಡಿಮೆ ಇಲ್ಲ. ಗೆದ್ದದ್ದನ್ನೂ ಕೇಳುತ್ತಾನೆ, ಸೋತದ್ದನ್ನೂ ಕೇಳುತ್ತಾನೆ. ಕುಷ್ಟಗಿ ಸುತ್ತ ದಾಳಿಂಬೆ ಹಬ್ಬಿದ್ದು ಹೀಗೇ, ಒಬ್ಬರನ್ನು ನೋಡಿ ಒಬ್ಬರು. ಅದೇ ರೈತ ಮನೆಗೆ ಬಂದು ಎದುರು ಮನೆ ಮುಂದೆ ಹೊಸ ಕಾರು ನೋಡಿದರೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಪೆಡೆ ತಿಂದು ಬರುತ್ತಾನೆ, ರಾತ್ರಿ ಮಗ್ಗಲು ಬದಲಿಸುತ್ತಾನೆ.

ಹಾಗಾಗಿ ಹೋಲಿಕೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೇಳದೆ ಮಾಡುವ ಹೋಲಿಕೆ ಕೆಟ್ಟದ್ದು.

ಸಾಲ ಬಯಲಿಗೆ ಬರುವುದು ಯಾವಾಗ ಹೇಳಿ? ವಸೂಲಿಯವರು ಬಾಗಿಲಿಗೆ ಬಂದು ದನಿ ಎತ್ತಿದಾಗ. ಸಂಘದ ಸಾಲದ ಕಂತಿಗಾಗಿ ಓಣಿಯವರ ಮುಂದೆ ಮಾನ ಹೋಗಿ ಎಷ್ಟು ಮನೆಗಳು ಬೀಗ ಹಾಕಿಕೊಂಡು ಹೋದವು ಅಂತ ನಿಮಗೇ ಗೊತ್ತು. ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲದಲ್ಲಿ ಆಸ್ಪತ್ರೆಗೆ ಹೋದದ್ದು, ಮಕ್ಕಳ ಫೀಸಿಗೆ ಹೋದದ್ದು, ಬೋರ್‌ವೆಲ್ಲಿಗೆ ಹೋದದ್ದು ಬಹಳ ಇದೆ. ಅದನ್ನು ನಾನು ಈ ಮಾತಿನಲ್ಲಿ ಸೇರಿಸುತ್ತಿಲ್ಲ. ಬಡತನಕ್ಕೆಲ್ಲ ಜಂಬವೇ ಕಾರಣ ಅನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಇನ್ನೊಬ್ಬರ ಕಥೆ ಸಾಕು, ನನ್ನದು ಹೇಳುತ್ತೇನೆ. 2013ರಲ್ಲಿ ದೊಡ್ಡ ಮಗಳ ಮದುವೆ. ನಾನೂ ನನ್ನ ಹೆಂಡತಿಯೂ ಕೂತು ಐದು ಲಕ್ಷ ಅಂತ ಬರೆದುಕೊಂಡಿದ್ದೆವು. ಅದಕ್ಕೆ ಒಂದು ತಿಂಗಳು ಮುಂಚೆ ಸಹೋದ್ಯೋಗಿಯೊಬ್ಬರು ಮಗನ ಮದುವೆ ಮಾಡಿದರು. ಮಂಟಪದ ಒಳಗೆ ಕ್ರೇನ್ ಕ್ಯಾಮೆರಾ! ಉದ್ದನೆಯ ತೋಳು, ತಲೆ ಮೇಲಿಂದ ಸುಯ್ ಅಂತ ಹಾದು ಹೋಗುತ್ತದೆ. ಅಕ್ಷತೆ ಹಾಕುವುದು ಬಿಟ್ಟು ಎಲ್ಲರೂ ಅದನ್ನೇ ನೋಡುತ್ತಿದ್ದರು. ನನಗೂ ಅದು ಬೇಕಾಯಿತು. ಕ್ರೇನ್ ಬಂದ ಮೇಲೆ ವೇದಿಕೆ ಸಣ್ಣದು ಅನ್ನಿಸಿತು. ವೇದಿಕೆ ದೊಡ್ಡದಾದ ಮೇಲೆ ಹೂವು ಸಾಲದಾಯಿತು. ಹೂವಿಗೆ ತಕ್ಕಂತೆ ಊಟದಲ್ಲಿ ನಾಲ್ಕು ಸಿಹಿ. ಕೊನೆಗೆ ಒಟ್ಟು 9,40,000. ಪಿಎಫ್ ಸಾಲ ತೆಗೆದೆ. ದಿನಾ ಬೆಳಗಾದರೆ ಮಂದಿಗೆ ಬಡ್ಡಿಯ ಪಾಠ ಹೇಳುತ್ತಿದ್ದ ಮನುಷ್ಯ ನಾನು.

ಮದುವೆ ದಿನ ಏನಾಯಿತು ಅಂದರೆ, ಒಳ್ಳೆಯ ಮುಹೂರ್ತ, ಊರಲ್ಲಿ ಏಳೆಂಟು ಮದುವೆ. ಯಾರನ್ನು ಮೆಚ್ಚಿಸಬೇಕು ಅಂತ ನಾನು ಇದೆಲ್ಲ ಮಾಡಿದ್ದೆನೋ ಆ ಆಫೀಸಿನವರು ಒಂದು ಜೀಪು ಮಾಡಿಕೊಂಡು ಬಂದರು. ಕವರ್ ಕೊಟ್ಟರು, ಫೋಟೊಗೆ ನಿಂತರು, ಅರ್ಧ ಊಟ ಮಾಡಿದರು. "ಗಂಗಾವತಿಯೊಳಗ ಇನ್ನೊಂದ್ ಐತಿ ಸರ್, ಬರ್ತೀವಿ" ಅಂತ ಹೊರಟರು. ವಾರ ಬಿಟ್ಟು ಅವರಲ್ಲಿ ಒಬ್ಬರನ್ನು ಕೇಳಿದೆ, ಕ್ರೇನ್ ಹೇಗಿತ್ತು ಅಂತ. "ಅದು ನಿಮ್ಮ ಮದುವ್ಯಾಗಿತ್ತಾ, ಗಂಗಾವತಿ ಮದುವ್ಯಾಗಿತ್ತಾ?" ಅಂತ ನನ್ನನ್ನೇ ಕೇಳಿದರು. ಆ ಡಿವಿಡಿ ಈಗಲೂ ಅಲಮಾರಿನಲ್ಲಿ ಇದೆ. ಹಾಕಿ ನೋಡಲು ಮನೆಯಲ್ಲಿ ಪ್ಲೇಯರ್ ಇಲ್ಲ.

ಇದಕ್ಕೂ ಒಂದು ಪ್ರಯೋಗ ಇದೆ, 2000ರಲ್ಲಿ ಪ್ರಕಟವಾದದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಾಗಿ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ನಿನ್ನ ಅಂಗಿಯ ಮೇಲೆ ಯಾರ ಚಿತ್ರ ಇತ್ತು ಅಂತ ಎಷ್ಟು ಜನ ಹೇಳಬಲ್ಲರು ಅಂತ ಕೇಳಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಜನ ಅಂದರು. ನಿಜಕ್ಕೂ ಹೇಳಿದ್ದು ಕಾಲುಭಾಗದಷ್ಟು ಜನ. ನಾಲ್ಕು ಮಂದಿ ಏನಂತಾರೆ ಅಂತ ಒದ್ದಾಡುತ್ತೇವಲ್ಲ, ಆ ನಾಲ್ಕರಲ್ಲಿ ಒಬ್ಬರು ಮಾತ್ರ ನಮ್ಮ ಕಡೆ ನೋಡಿರುತ್ತಾರೆ. ಅವರಿಗೂ ಗಂಗಾವತಿಗೆ ಹೋಗುವ ಅವಸರ.

ಚಿನ್ನದ ಮಾತು ಬಂದದ್ದರಿಂದ ಸ್ವಲ್ಪ ಆಚೆ ಹೋಗಿ ಬರುತ್ತೇನೆ, ತಾಳಿಕೊಳ್ಳಿ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಕಲ್ಲು ಒಡೆದು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಆ ಸೀಮೆಯಲ್ಲಿ 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಮಸ್ಕಿಗೆ ಹೋದ. ಅವನಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬರಹ. ಅದರಲ್ಲಿ ಅಶೋಕ ಅಂತ ಹೆಸರೇ ಇತ್ತು. ಊರೂರಿನ ಬಂಡೆಗಳ ಮೇಲೆ ದೇವಾನಾಂಪ್ರಿಯ ಅಂತ ಬರೆಸಿಕೊಂಡಿದ್ದ ರಾಜ ಯಾರು ಅನ್ನುವುದು ಖಚಿತವಾದದ್ದು ಅಲ್ಲಿಂದ. ನಮ್ಮ ಕೊಪ್ಪಳದಲ್ಲೂ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇವೆ. ಜಾತ್ರೆಗೆ ಹೋದವರಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಬೇಡಿ, ನಾನೂ ನಿವೃತ್ತನಾದ ಮೇಲೇ ನೋಡಿದ್ದು.

ಈ ಅಶೋಕನ ದೊಡ್ಡ ಶಾಸನಗಳು ಬಳ್ಳಾರಿಯಿಂದ ಗುಂತಕಲ್, ಗುತ್ತಿ ದಾಟಿ ಹೋದರೆ ಸಿಗುವ ಎರ್ರಗುಡಿಯಲ್ಲಿವೆ. ಮೂರನೇ ಶಾಸನದಲ್ಲಿ, ತಂದೆತಾಯಿಯ ಮಾತು ಕೇಳುವುದು ಒಳ್ಳೆಯದು ಅನ್ನುವ ಸಾಲಿನಲ್ಲೇ, ಕಡಿಮೆ ಖರ್ಚು ಮಾಡುವುದು, ಕಡಿಮೆ ಕೂಡಿಟ್ಟುಕೊಳ್ಳುವುದು ಒಳ್ಳೆಯದು ಅಂತ ಬರೆಸಿದ್ದಾನೆ. ಒಂಬತ್ತನೆಯದು ಇನ್ನೂ ಸ್ವಾರಸ್ಯ. ಜನ ರೋಗ ಬಂದಾಗ, ಮಕ್ಕಳ ಮದುವೆಯಲ್ಲಿ, ಕೂಸು ಹುಟ್ಟಿದಾಗ, ಪ್ರಯಾಣ ಹೊರಟಾಗ ಬಗೆಬಗೆಯ ಮಂಗಳ ಕಾರ್ಯ ಮಾಡುತ್ತಾರೆ, ಮಾಡಲಿ, ಆದರೆ ಅದರ ಫಲ ಕಡಿಮೆ ಅನ್ನುತ್ತಾನೆ. ಆಳುಕಾಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದು ಅದಕ್ಕಿಂತ ದೊಡ್ಡ ಮಂಗಳ ಅಂತೆ. 2,200 ವರ್ಷಗಳಿಗೂ ಹಿಂದಿನ ಮಾತು! ಅಂದರೆ ಕ್ರೇನ್ ಕ್ಯಾಮೆರಾ ರೋಗ ಹಳೆಯದೇ. ಒಂದು ತಕರಾರು ಮಾತ್ರ ನನ್ನದಿದೆ. ಕೆಲಸಕ್ಕೆ ಬಾರದ ಶಾಸ್ತ್ರ ಹೆಂಗಸರು ಜಾಸ್ತಿ ಮಾಡುತ್ತಾರೆ ಅಂತಲೂ ಅಶೋಕ ಬರೆಸಿದ್ದಾನೆ. ನಮ್ಮ ಮನೆಯಲ್ಲಿ ಕ್ರೇನ್ ಬೇಕು ಅಂದವ ನಾನು. ಐದು ಲಕ್ಷ ಮೀರಬಾರದು ಅಂತ ಕೊನೆವರೆಗೂ ಹಟ ಹಿಡಿದವಳು ನನ್ನ ಹೆಂಡತಿ.

ಹುಡುಗರು ಫೋನ್ ನೋಡುತ್ತಿದ್ದೀರಿ, ನಿಮ್ಮ ವಿಷಯಕ್ಕೇ ಬರುತ್ತೇನೆ. ವಾಟ್ಸಾಪ್‌ನಲ್ಲಿ ದಿನಾ ಫೋಟೊ ಹಾಕುತ್ತೀರಲ್ಲ, ಅದನ್ನು ಸ್ಟೇಟಸ್ ಅಂತ ಕರೆಯುವುದು ನನಗೆ ಬಹಳ ಹಿಡಿಸುತ್ತದೆ. ಹೆಸರಲ್ಲೇ ಎಲ್ಲ ಇದೆ. ಸಾಣಾಪುರದ ಕೆರೆಯಲ್ಲಿ ಹರಿಗೋಲಿನ ಮೇಲೆ ನಿಂತು ಮದುವೆಗೆ ಮುಂಚಿನ ಫೋಟೊ, ಮೇಲೆ ಡ್ರೋನ್. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಮೊದಲು ವರ್ಷಕ್ಕೆ ಹತ್ತು ಮದುವೆಗೆ ಹೋಗಿ ಹತ್ತು ಸಲ ಹೋಲಿಸಿಕೊಳ್ಳುತ್ತಿದ್ದೆವು. ಈಗ ಹಲ್ಲುಜ್ಜುವ ಮುಂಚೆ ಹತ್ತು ಆಗಿರುತ್ತದೆ. ಯಾರ ಸ್ಟೇಟಸ್ ನೋಡಿದ ಕೂಡಲೇ ಅಂಗಡಿಯ ಆಪ್ ತೆರೆಯಬೇಕು ಅನ್ನಿಸುತ್ತದೋ ಅವರದನ್ನು ಮ್ಯೂಟ್ ಮಾಡಿ. ಅವರಿಗೆ ಗೊತ್ತೂ ಆಗುವುದಿಲ್ಲ. ನಾನು ನನ್ನ ಸ್ವಂತ ಷಡ್ಡಕನದನ್ನೇ ಮಾಡಿದ್ದೇನೆ.

ನಮ್ಮ ಮನೆಯಲ್ಲಿ ಈಗ ಏನು ನಡೆಯುತ್ತದೆ ಹೇಳುತ್ತೇನೆ. ಬೇಕು ಅನ್ನಿಸಿದ್ದನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಆ ದಿನದ ಚೌಕದಲ್ಲಿ ಬರೆಯುತ್ತೇವೆ. ಪಕ್ಕದಲ್ಲಿ, ಯಾರ ಮನೆಯಲ್ಲಿ ನೋಡಿದ್ದು ಅಂತ ಅವರ ಹೆಸರು. ಮುಂದಿನ ಅಮಾವಾಸ್ಯೆವರೆಗೆ ಕೊಳ್ಳುವ ಹಾಗಿಲ್ಲ. ಹೋದ ತಿಂಗಳು ನನ್ನ ಅಕ್ಷರದಲ್ಲಿ "55 ಇಂಚಿನ ಟಿವಿ" ಅಂತ ಇತ್ತು, ಪಕ್ಕದಲ್ಲಿ ಅದೇ ಷಡ್ಡಕನ ಹೆಸರು. ಓದಿ ನನಗೇ ನಾಚಿಕೆಯಾಯಿತು. ಕೆಲವು ಸಲ ಹೆಸರು ಇರುವುದಿಲ್ಲ. ಮಿಕ್ಸಿ ಕೆಟ್ಟಿದೆ ಅಂತ ಬರೆದಿದ್ದರೆ ಅದಕ್ಕೆ ಅಮಾವಾಸ್ಯೆ ಗಿಮಾವಾಸ್ಯೆ ಇಲ್ಲ, ಮಾರನೇ ದಿನವೇ ತರುತ್ತೇವೆ.

ಇನ್ನೊಂದು ಮುಯ್ಯಿ ಪುಸ್ತಕ. ಎಲ್ಲರ ಮನೆಯಲ್ಲೂ ಇರುತ್ತದೆ, ಉದ್ದನೆಯ ನೋಟ್‌ಬುಕ್, ಮೇಲೆ ಅರಿಶಿನ ಕುಂಕುಮ. ನಮ್ಮ ತಾಯಿಯದು ನನ್ನ ಹತ್ತಿರ ಇದೆ. ಐದು ರೂಪಾಯಿ, ಹನ್ನೊಂದು ರೂಪಾಯಿ, ಒಂದು ಕುಬಸದ ಖಣ, ಎರಡು ಸೇರು ಜೋಳ. ಯಾರು ಎಷ್ಟು ಕೊಟ್ಟರು ಅಂತ ಪೈಸೆ ಬಿಡದೆ ಬರೆದಿದ್ದಾರೆ. ಆದರೆ ಆ ಮದುವೆಗೆ ನಾವು ಎಷ್ಟು ಖರ್ಚು ಮಾಡಿದೆವು, ಎಷ್ಟು ಸಾಲ ತಂದೆವು, ಅದು ಎಂದು ತೀರಿತು ಅಂತ ಒಂದು ಸಾಲೂ ಇಲ್ಲ. ಯಾರ ಮನೆಯ ಪುಸ್ತಕದಲ್ಲೂ ಇರುವುದಿಲ್ಲ. ನಾನು ನಮ್ಮ ಪುಸ್ತಕದ ಕೊನೆಯ ಹಾಳೆಯಲ್ಲಿ ಈಗ ಬರೆದಿದ್ದೇನೆ. 2013, 9,40,000. ಪಿಎಫ್ ಸಾಲ ತೀರಿದ್ದು 2017. ಮಕ್ಕಳಿಬ್ಬರಿಗೂ ತೋರಿಸಿದ್ದೇನೆ, ಅಳಿಯನಿಗೂ ತೋರಿಸಿದ್ದೇನೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವಾರ, ನಮ್ಮಪ್ಪನೂ ಎರಡು ಎಕರೆ ಲಾವಣಿ ಹಾಕಿದ್ರು" ಅಂದ. ಅಂದರೆ ಹೊಲವನ್ನು ಗೇಣಿಗೆ ಕೊಟ್ಟು ದುಡ್ಡು ತಂದಿದ್ದರು. ನಾಲ್ಕು ವರ್ಷ ಎರಡೂ ಮನೆಯವರು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಸಾಲ ತೀರಿಸುತ್ತಾ ಕೂತಿದ್ದೆವು!

ಈಗ ಆ ತಾಯಿ ಕೇಳಿದ ಪ್ರಶ್ನೆ. ಬರೀ ಕೊರಳಲ್ಲಿ ಬಂದರೆ ಮಗಳನ್ನು ಯಾರು ಕೇಳುತ್ತಾರೆ? ದಿನಕ್ಕೆ 250 ದುಡಿಯುವ ಹೆಂಗಸಿಗೆ, ನೀನು ಮೊದಲು ಸರ ಬಿಚ್ಚು ಅನ್ನುವುದು ನ್ಯಾಯ ಅಲ್ಲ. ಆಕೆ ಬಿಚ್ಚಿದರೆ ಬಡವಿ ಅನ್ನುತ್ತಾರೆ. ಸಂಬಳ ಬರುವವರು, ನೀರಾವರಿ ಇರುವವರು, ಅಂಗಡಿ ಇರುವವರು ಬಿಚ್ಚಿದರೆ ಸರಳ ಅನ್ನುತ್ತಾರೆ. ಎಂಥ ಅನುಕೂಲ ನೋಡಿ ನಮಗೆ! ಹಾಗಾಗಿ ಶುರು ಮಾಡಬೇಕಾದವರು ನಾವು. ಮಠಗಳ ಸಾಮೂಹಿಕ ಮದುವೆಯಲ್ಲಿ ಬಡವರ ಮಕ್ಕಳ ಸಾಲಿನಲ್ಲೇ ತಮ್ಮ ಮಕ್ಕಳನ್ನೂ ಕೂರಿಸಿದ ಉಳ್ಳವರು ನಮ್ಮ ಕಡೆ ಇದ್ದಾರೆ. ಅವರು ಉಳಿಸಿದ್ದು ಬರೀ ತಮ್ಮ ದುಡ್ಡನ್ನಲ್ಲ.

ನನಗೆ ಅಷ್ಟು ಧೈರ್ಯ ಬರಲಿಲ್ಲ, ಅರ್ಧ ಬಂತು. 2018ರಲ್ಲಿ ಸಣ್ಣ ಮಗಳ ಮದುವೆಯನ್ನು ಊರ ಗುಡಿಯ ಮುಂದೆ ಪೆಂಡಾಲ್ ಹಾಕಿ ಮಾಡಿದೆವು. ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ, ಅನ್ನ, ಸಾರು. ಊಟ ಆದ ಮೇಲೆ ಸಂಬಂಧಿಕರೊಬ್ಬರು ನಾಲ್ಕು ಜನರ ನಡುವೆ ಕೇಳಿದರು: "ಯಾಕ್ರೀ, ಏನರ ತಾಪತ್ರಯ ಇತ್ತೇನು?" ಮೊದಲಾಗಿದ್ದರೆ ಭೂಮಿಗೆ ಇಳಿದು ಹೋಗುತ್ತಿದ್ದೆ. ಅವತ್ತು ಜೋರಾಗೇ ಹೇಳಿದೆ. "ತಾಪತ್ರಯ ಇಲ್ಲ ಮಾಮಾ. 2,85,000 ಆತು. ಒಂದು ರೂಪಾಯಿ ಸಾಲ ಇಲ್ಲ. ದೊಡ್ಡಾಕಿ ಮದಿವಿಗೆ ಒಂಬತ್ತೂವರಿ ಆಗಿತ್ತು, ತೀರಸಾಕ ನಾಕು ವರ್ಷ ಹಿಡೀತು."

ಯಾರೂ ಮಾತಾಡಲಿಲ್ಲ. ಎಲೆ ಅಡಿಕೆ ತಟ್ಟೆ ಒಂದು ಸುತ್ತು ಹೋಯಿತು. ಮಾಮ ಎದ್ದು ಹೋದರು. ಬೇಜಾರಾಯಿತೇನೋ ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು, ನಾನು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದಾಗ ಹಿಂದಿನಿಂದ ಬಂದು ಭುಜ ಹಿಡಿದರು. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದರು.

"ಅಡಗಿ ಮಾಡಿದಾಂವ ಯಾರು? ನಂಬರ್ ಐತೇನು?"